ಬೆರಳಿನ ತಯಾರಿ: ನವಶಾಸ್ತ್ರೀಯ ರಾಕ್ ಗಿಟಾರಿನ ಐವತ್ತು ವರ್ಷ

ವೇಗವಾಗಿ ಗಿಟಾರ್ ನುಡಿಸುವವರ ಬಗ್ಗೆ ನಮ್ಮ ಸಂಗೀತ ವಲಯದಲ್ಲಿ ಒಂದು ತೀರ್ಪು ಸದಾ ಸಿದ್ಧವಾಗಿರುತ್ತದೆ: ಬೆರಳು ಓಡುತ್ತದೆ, ಎದೆ ಮುಟ್ಟುವುದಿಲ್ಲ. ಯಿಂಗ್ವೀ ಮಾಲ್ಮ್‌ಸ್ಟೀನ್ ಹೆಸರೆತ್ತಿದರಂತೂ ‘ಅದು ಬರೀ ಸರ್ಕಸ್ಸು’ ಎಂದು ಮಾತು ಮುಗಿಸಿಬಿಡುತ್ತಾರೆ. ಹೀಗೆ ಹೇಳುವವರೇ ಭೀಮಸೇನ ಜೋಶಿಯವರ ದ್ರುತ ತಾನಿಗೆ ತಲೆದೂಗುತ್ತಾರೆ, ಧಾರವಾಡದ ಉಸ್ತಾದ್ ಬಾಲೇಖಾನರ ಸಿತಾರಿನ ಝಾಲಾ ಕೇಳಿ ‘ಕ್ಯಾ ಬಾತ್’ ಎನ್ನುತ್ತಾರೆ. ಅಲ್ಲಿ ‘ತಯಾರಿ’ ಎಂದು ಮೆಚ್ಚಿಕೊಂಡದ್ದು ಇಲ್ಲಿ ಕಸರತ್ತು ಆದದ್ದು ಹೇಗೆ? ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಕಡೆಯ ಹುಡುಗರಿಗೆ ಗಿಟಾರ್ ಹೇಳಿಕೊಡುತ್ತಲೇ ವಯಸ್ಸು ಸರಿದ ನನಗೆ ಈ ಪ್ರಶ್ನೆಯನ್ನು ಇನ್ನು ಹಾಗೇ ಬಿಡುವುದು ಸರಿಯಲ್ಲ ಅನ್ನಿಸಿದೆ. ಈ ವಾದನ ಹೇಗೆ ಹುಟ್ಟಿತು, ಎಲ್ಲಿ ಬೆಳೆಯಿತು, ನಮ್ಮ ನಾಡಿಗೆ ಹೇಗೆ ಬಂತು, ಎಲ್ಲಿ ಸೊರಗಿದೆ ಎಂಬುದರ ಸ್ಥೂಲ ನೋಟ ಇಲ್ಲಿದೆ.

ನವಶಾಸ್ತ್ರೀಯ ರಾಕ್ ಎಂದರೆ, ಯುರೋಪಿನ ಬರೋಕ್ ಕಾಲದ ಬಾಖ್, ವಿವಾಲ್ದಿ, ಅವರ ನಂತರದ ಪಗಾನಿನಿ ಮೊದಲಾದವರ ಸ್ವರವಿನ್ಯಾಸವನ್ನು ಎಲೆಕ್ಟ್ರಿಕ್ ಗಿಟಾರಿನ ಗಡಸು ನಾದಕ್ಕೆ ಒಗ್ಗಿಸಿದ ಶೈಲಿ. ಹಾರ್ಮೋನಿಕ್ ಮೈನರ್ ಸ್ವರಶ್ರೇಣಿ, ಒಡೆದು ನುಡಿಸುವ ಸ್ವರಮೇಳಗಳು, ಒಂದೇ ಸ್ವರಕ್ಕೆ ಮರಳಿ ಮರಳಿ ಬಂದು ಉಳಿದ ಸ್ವರಗಳನ್ನು ಅದರ ಸುತ್ತ ಹೆಣೆಯುವ ಕ್ರಮ, ಪಿಟೀಲಿನಂತೆ ತಡೆಯಿಲ್ಲದೆ ಹರಿಯುವ ದ್ರುತ ಸಂಚಾರ ಇದರ ಗುರುತುಗಳು.

ಮೊದಲ ಹೆಜ್ಜೆಗಳು

ಬೇರು ಹಳೆಯದು. 1820ರಲ್ಲಿ ಪ್ರಕಟವಾದ ಪಗಾನಿನಿಯ 24 ಕಪ್ರೀಸ್‌ಗಳು ಪಿಟೀಲು ವಾದಕನ ಕೈಯಿಂದ ಏನೆಲ್ಲ ಸಾಧ್ಯ ಎಂಬುದರ ಗಡಿಯನ್ನೇ ಬದಲಿಸಿದವು. ಅವನಿಗೂ ಆ ಕಾಲದಲ್ಲಿ ‘ದೆವ್ವದ ಜೊತೆ ಒಪ್ಪಂದ ಮಾಡಿಕೊಂಡವನು’ ಎಂಬ ಅಪವಾದ ತಪ್ಪಲಿಲ್ಲ. ರಾಕ್ ಸಂಗೀತದಲ್ಲಿ ಈ ದಾರಿಯನ್ನು ಮೊದಲು ತೆರೆದವರು ಡೀಪ್ ಪರ್ಪಲ್ ತಂಡದ ರಿಚಿ ಬ್ಲ್ಯಾಕ್‌ಮೋರ್. ಅದೇ ತಂಡದ ಜಾನ್ ಲಾರ್ಡ್ 1969ರಲ್ಲಿ ರಾಕ್ ತಂಡವನ್ನೂ ಸಿಂಫನಿ ವಾದ್ಯವೃಂದವನ್ನೂ ಒಂದೇ ವೇದಿಕೆಗೆ ತಂದಿದ್ದರು. 1972ರ ‘ಮಷಿನ್ ಹೆಡ್’ ಆಲ್ಬಮ್ಮಿನ ‘ಸ್ಮೋಕ್ ಆನ್ ದ ವಾಟರ್’ ಗಿಟಾರ್ ಕಲಿಯುವ ಪ್ರತಿ ಹುಡುಗನೂ ಮೊದಲ ವಾರವೇ ನುಡಿಸಲು ಹೊರಡುವ ತುಣುಕು. ಆದರೆ ಅದೇ ಆಲ್ಬಮ್ಮಿನ ‘ಹೈವೇ ಸ್ಟಾರ್’ ಹಾಡಿನ ಗಿಟಾರ್ ಭಾಗ ಬಾಖ್ ಶೈಲಿಯ ಸ್ವರಮೇಳ ಸರಣಿಯ ಮೇಲೆ ನಿಂತಿದೆ ಎಂಬುದನ್ನು ಗಮನಿಸಿದವರು ಕಡಿಮೆ.

ಬಳಿಕ ಜರ್ಮನಿಯ ಉಲಿ ಯೋನ್ ರೋಟ್ ಬಂದರು. ಸ್ಕಾರ್ಪಿಯನ್ಸ್ ತಂಡದಲ್ಲಿದ್ದಾಗ 1977ರ ‘ಟೇಕನ್ ಬೈ ಫೋರ್ಸ್’ ಆಲ್ಬಮ್ಮಿಗೆ ಅವರು ಕೊಟ್ಟ ‘ದ ಸೇಲ್ಸ್ ಆಫ್ ಕೇರಾನ್’ ಮುಂದಿನ ಪೀಳಿಗೆಗೆ ಪಾಠದಂತೆ ಒದಗಿತು. ಅಮೆರಿಕದ ರ‍್ಯಾಂಡಿ ರೋಡ್ಸ್ ಗಾಯಕ ಆಜಿ ಆಸ್ಬರ್ನ್ ಜೊತೆ 1980 ಮತ್ತು 1981ರಲ್ಲಿ ಎರಡೇ ಸ್ಟುಡಿಯೊ ಆಲ್ಬಮ್ ಮಾಡಿ, 1982ರ ಮಾರ್ಚ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ 25 ವರ್ಷ. ದೇಶ ಸುತ್ತುವ ಕಛೇರಿಗಳ ನಡುವೆಯೂ ಊರೂರಲ್ಲಿ ಶಾಸ್ತ್ರೀಯ ಗಿಟಾರ್ ಗುರುಗಳನ್ನು ಹುಡುಕಿಕೊಂಡು ಹೋಗಿ ಪಾಠ ಹೇಳಿಸಿಕೊಳ್ಳುತ್ತಿದ್ದ ಕಲಾವಿದ ಅವರು. ಪ್ರಸಿದ್ಧಿ ಬಂದ ಮೇಲೂ ಶಿಷ್ಯನಾಗಿಯೇ ಉಳಿದ ಈ ಗುಣವನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಎಲ್ಲಕ್ಕಿಂತ ಮೊದಲು ಹೇಳುತ್ತೇನೆ.

1984 ಮತ್ತು ಮಾಲ್ಮ್‌ಸ್ಟೀನ್

ಇಷ್ಟೆಲ್ಲ ಪೀಠಿಕೆ. ಕಾವ್ಯ ಶುರುವಾಗುವುದು 1984ರ ‘ರೈಸಿಂಗ್ ಫೋರ್ಸ್’ ಆಲ್ಬಮ್ಮಿನಿಂದ. 1963ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಹುಟ್ಟಿದ ಯಿಂಗ್ವೀ ಮಾಲ್ಮ್‌ಸ್ಟೀನ್, 1970ರಲ್ಲಿ ಜಿಮಿ ಹೆಂಡ್ರಿಕ್ಸ್ ಸತ್ತ ದಿನ ಟೀವಿಯಲ್ಲಿ ಅವರ ವಾದನ ಕಂಡು ಗಿಟಾರ್ ಹಿಡಿದರು. ಮುಂದೆ ಪಿಟೀಲು ವಾದಕ ಗಿಡಾನ್ ಕ್ರೇಮರ್ ಪಗಾನಿನಿಯನ್ನು ನುಡಿಸಿದ್ದನ್ನು ಅದೇ ಟೀವಿಯಲ್ಲಿ ಕೇಳಿದ ಮೇಲೆ ತಮ್ಮ ದಾರಿ ಯಾವುದೆಂದು ತಿಳಿಯಿತು ಎಂದು ಅವರು ಹೇಳಿಕೊಂಡಿದ್ದಾರೆ. ಅವರು ಕಳಿಸಿದ ಕ್ಯಾಸೆಟ್ ಕ್ಯಾಲಿಫೋರ್ನಿಯದ ಶ್ರ್ಯಾಪ್ನೆಲ್ ರೆಕಾರ್ಡ್ಸ್ ಸಂಸ್ಥೆಯ ಮೈಕ್ ವಾರ್ನಿಯವರ ಕೈಸೇರಿತು. 1983ರ ಆರಂಭದಲ್ಲಿ ಅಮೆರಿಕಕ್ಕೆ ಹೋದ ಈ ತರುಣ ಎರಡು ವರ್ಷ ತುಂಬುವ ಮೊದಲೇ ಗಿಟಾರಿನ ಭಾಷೆಯನ್ನೇ ಬದಲಿಸಿದರು.

ಮೊದಲಿಗೆ ಅವರ ಕೈಯನ್ನು ಹತ್ತಿರದಿಂದ ನೋಡಬೇಕು. ಬಲಗೈಯ ಪಿಕ್ ತಂತಿಗೆ ನೆಟ್ಟಗೆ ನಿಂತಿರುವುದಿಲ್ಲ, ತುಸು ವಾಲಿರುತ್ತದೆ. ಹಾಗೆ ವಾಲಿದಾಗ ಮೇಲ್ಹೊಡೆತ ಮುಗಿಯುತ್ತಲೇ ಪಿಕ್ ತಂತಿಗಳ ಮಟ್ಟದಿಂದ ಹೊರಬಂದು ಗಾಳಿಯಲ್ಲಿರುತ್ತದೆ. ಕೆಳಹೊಡೆತ ಮುಗಿದಾಗ ಮಾತ್ರ ಪಕ್ಕದ ತಂತಿಗೆ ಒರಗಿ ಸಿಕ್ಕಿಕೊಂಡಿರುತ್ತದೆ. ಅಂದರೆ ಒಂದು ತಂತಿಯಿಂದ ಇನ್ನೊಂದಕ್ಕೆ ಸಲೀಸಾಗಿ ದಾಟಬೇಕಾದರೆ ಹಿಂದಿನ ತಂತಿಯ ಕೊನೆಯ ಹೊಡೆತ ಮೇಲ್ಹೊಡೆತವೇ ಆಗಿರಬೇಕು. ತಂತಿಗೆ ಎರಡು, ನಾಲ್ಕು, ಆರು ಸ್ವರವಿದ್ದರೆ ಇದು ತಾನಾಗಿ ಆಗುತ್ತದೆ. ಮೂರು ಸ್ವರ ಬಂದರೆ? ಆರೋಹಣದಲ್ಲಿ ಮೂರನೆಯ ಸ್ವರದ ಕೆಳಹೊಡೆತ ಹೇಗೂ ಮುಂದಿನ ತಂತಿಗೆ ಒರಗಿರುತ್ತದಲ್ಲ, ಅದೇ ಬೀಸನ್ನು ಮುಂದುವರಿಸಿ ಆ ತಂತಿಯನ್ನೂ ಮೀಟುತ್ತಾರೆ. ಅವರೋಹಣದಲ್ಲಿ ಎರಡು ಸ್ವರವನ್ನು ಪಿಕ್ಕಿನಿಂದ ಮೀಟಿ, ಮೂರನೆಯದನ್ನು ಎಡಗೈ ಬೆರಳಿನಿಂದಲೇ ಎಳೆದು ನುಡಿಸುತ್ತಾರೆ. ಅಲ್ಲಿಗೆ ಕೊನೆಯ ಮೀಟು ಮೇಲ್ಹೊಡೆತವೇ ಆಗುತ್ತದೆ. ಅಮೆರಿಕದ ಟ್ರಾಯ್ ಗ್ರೇಡಿ ಗಿಟಾರಿಗೇ ಕ್ಯಾಮೆರಾ ಅಳವಡಿಸಿ ಇಂಥ ಚಲನೆಗಳನ್ನು ಬಿಡಿಸಿ ತೋರಿಸಿದ ಮೇಲೆ ಬಹಳ ಜನಕ್ಕೆ ಕಣ್ಣು ತೆರೆಯಿತು.

ಇದರಲ್ಲಿ ಸರ್ಕಸ್ಸು ಎಲ್ಲಿದೆ? ಸಿತಾರ್ ಕಲಿಸುವ ಗುರು ‘ದಾ’ ಎಲ್ಲಿ, ‘ರಾ’ ಎಲ್ಲಿ ಎಂದು ಪ್ರತಿ ಮೀಟಿಗೂ ಲೆಕ್ಕ ಇಡಿಸುತ್ತಾರೆ. ಆ ಲೆಕ್ಕ ತಪ್ಪಿದ ಗತ್ ವೇಗದಲ್ಲಿ ಮುಗ್ಗರಿಸುತ್ತದೆ. ಮಾಲ್ಮ್‌ಸ್ಟೀನ್ ಮಾಡಿದ್ದೂ ಅದನ್ನೇ. ಯಾವ ಸ್ವರಗುಚ್ಛವನ್ನು ಯಾವ ತಂತಿಯ ಮೇಲೆ ಹೇಗೆ ಹಂಚಬೇಕು ಎಂಬ ವಿಚಾರ ಮೊದಲು, ವೇಗ ಆಮೇಲೆ. ಧ್ವನಿಮುದ್ರಣವನ್ನು ಅರ್ಧ ವೇಗಕ್ಕೆ ಇಳಿಸಿ ‘ಫಾರ್ ಬಿಯಾಂಡ್ ದ ಸನ್’ ಕೇಳಿ. ಸ್ವರಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ಒಂದೊಂದಕ್ಕೂ ತಲೆ, ಒಡಲು, ಕೊನೆ ಇದೆ. ಸುಳ್ಳು ತಯಾರಿ ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ.

ಎರಡನೆಯದು ವಾದ್ಯದ ಕತ್ತು. ಅವರ ಸ್ಟ್ರಾಟೊಕಾಸ್ಟರ್ ಗಿಟಾರಿನಲ್ಲಿ ಫ್ರೆಟ್‌ಗಳ ನಡುವಿನ ಮರವನ್ನು ಬಟ್ಟಲಿನಂತೆ ಕೆತ್ತಿ ತೆಗೆದಿರುತ್ತದೆ. ಬೆರಳು ಮರಕ್ಕೆ ತಾಗುವುದಿಲ್ಲ, ತಂತಿಯೊಂದನ್ನೇ ಹಿಡಿಯುತ್ತದೆ. ಹಳೆಯ ಲ್ಯೂಟ್ ಒಂದನ್ನು ನೋಡಿ ಈ ಯೋಚನೆ ಬಂತೆಂದು ಅವರು ಹೇಳಿದ್ದಾರೆ. ವೀಣೆ, ಸಿತಾರ್ ಬಲ್ಲ ನಮಗೆ ಇದು ಹೊಸದಲ್ಲ. ಮೇಣದಲ್ಲಿ ಎತ್ತರಿಸಿ ಕೂರಿಸಿದ ವೀಣೆಯ ಮೆಟ್ಟಿಲುಗಳಾಗಲಿ, ಸಿತಾರಿನ ಬಾಗಿದ ಪರದೆಗಳಾಗಲಿ ಇರುವುದೇ ತಂತಿಯನ್ನು ಎಳೆದು ಗಮಕ, ಮೀಂಡ್ ತೆಗೆಯಲು. ಜಾನ್ ಮೆಕ್‌ಲಾಫ್ಲಿನ್ 1970ರ ದಶಕದಲ್ಲಿ ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಜೊತೆ ‘ಶಕ್ತಿ’ ತಂಡ ಕಟ್ಟಿದಾಗ ವೀಣೆಯ ಪ್ರಭಾವದಿಂದಲೇ ಗಿಟಾರಿನ ಕತ್ತನ್ನು ಹೀಗೆ ಕೆತ್ತಿಸಿದ್ದರು. ಮಾಲ್ಮ್‌ಸ್ಟೀನ್ ಒಂದು ದೀರ್ಘ ಸ್ವರದ ಮೇಲೆ ನಿಂತಾಗ ಅದು ಅಗಲವಾಗಿ, ಸಾವಧಾನವಾಗಿ ತೂಗುತ್ತದೆ. ಅವರ ವೇಗವನ್ನು ಅನುಕರಿಸುವವರು ಸಾವಿರಾರು ಜನ ಸಿಗುತ್ತಾರೆ. ಆ ಕಂಪನವನ್ನು ಹಿಡಿದವರು ಬೆರಳೆಣಿಕೆಯಷ್ಟು. ‘ಬ್ಲ್ಯಾಕ್ ಸ್ಟಾರ್’ ಕೃತಿಯ ಮೊದಲ ವಾಕ್ಯವನ್ನು ಕೇಳಿದ ಯಾರೂ ಈ ವಾದಕನಿಗೆ ಭಾವವಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಲಾರರು.

ಮೂರನೆಯದು ಸ್ವರಸಂಪತ್ತು. ಅವರ ಮುಖ್ಯ ಶ್ರೇಣಿಯಾದ ಹಾರ್ಮೋನಿಕ್ ಮೈನರ್ ನಮ್ಮ ಕೀರವಾಣಿ, 21ನೆಯ ಮೇಳಕರ್ತ. ಹಿಂದೂಸ್ತಾನಿ ವಾದ್ಯಗಾರರೂ ‘ಕಿರವಾಣಿ’ ಎಂದು ಪ್ರೀತಿಯಿಂದ ನುಡಿಸುವ ರಾಗ. ಆ ಕೀರವಾಣಿಯ ಪಂಚಮವನ್ನು ಷಡ್ಜ ಮಾಡಿಕೊಂಡರೆ ಸಿಗುವುದು ವಕುಳಾಭರಣ. ಹಿಂದೂಸ್ತಾನಿಯ ಬಸಂತ ಮುಖಾರಿ ಸರಿಸುಮಾರು ಅದೇ. ಮಾಲ್ಮ್‌ಸ್ಟೀನ್ ವಾದನದಲ್ಲಿ ಒಮ್ಮೆಲೇ ‘ಪೂರ್ವದೇಶದ’ ಛಾಯೆ ಬರುತ್ತದೆ ಎಂದು ಪಾಶ್ಚಾತ್ಯ ವಿಮರ್ಶಕರು ಬೆರಗಾಗುವುದು ಈ ಗ್ರಹಭೇದದ ಜಾಗದಲ್ಲೇ. ಇನ್ನು ಅವರು ‘ಸ್ವೀಪ್’ ಎಂಬ ಒಂದೇ ಬೀಸಿನಲ್ಲಿ ಹಲವು ತಂತಿಗಳ ಮೇಲೆ ಹಾಯಿಸುವ ಆ ಆತಂಕದ ಸ್ವರಮೇಳವನ್ನು ನಮ್ಮ ಲೆಕ್ಕದಲ್ಲಿ ಹೇಳಿದರೆ ಷಡ್ಜ, ಕೋಮಲ ಗಾಂಧಾರ, ತೀವ್ರ ಮಧ್ಯಮ, ಶುದ್ಧ ಧೈವತ. ನಾಲ್ಕೂ ಸಮಾನ ಅಂತರದಲ್ಲಿವೆ. ಹಾಗಾಗಿ ಕೈಯ ಆಕಾರ ಬದಲಿಸದೆ ಮೂರು ಫ್ರೆಟ್ ಮೇಲೆ ಸರಿದರೆ ಅವೇ ನಾಲ್ಕು ಸ್ವರ ಬೇರೆ ಕ್ರಮದಲ್ಲಿ ದೊರೆಯುತ್ತವೆ. ಗಣಿತ ಮತ್ತು ಕೈ ಇಷ್ಟು ಚೆನ್ನಾಗಿ ಕೂಡಿದ ಉದಾಹರಣೆ ಗಿಟಾರಿನಲ್ಲಿ ಬೇರೆ ಇಲ್ಲ.

1987ರ ಕಾರು ಅಪಘಾತದಲ್ಲಿ ಅವರು ಪ್ರಜ್ಞೆ ತಪ್ಪಿ ದಿನಗಟ್ಟಲೆ ಮಲಗಿದ್ದರು, ಬಲಗೈಯ ನರಕ್ಕೆ ಪೆಟ್ಟಾಯಿತು. ಅದೇ ಕೈಯನ್ನು ಮತ್ತೆ ಪಳಗಿಸಿ 1988ರಲ್ಲಿ ‘ಒಡಿಸ್ಸಿ’ ಹೊರತಂದರು. ಎಲೆಕ್ಟ್ರಿಕ್ ಗಿಟಾರಿಗಾಗಿ ಬರೆದ ಕನ್ಚೆರ್ಟೊವನ್ನು ಪ್ರಾಗ್‌ನಲ್ಲಿ ಚೆಕ್ ಫಿಲ್ಹಾರ್ಮೋನಿಕ್ ಜೊತೆ ಮುದ್ರಿಸಿದರು. ಅದು 1998ರಲ್ಲಿ ಹೊರಬಂತು. ಅವರ ನಂತರದ ಆಲ್ಬಮ್ಮುಗಳಲ್ಲಿ ಪುನರಾವರ್ತನೆ ಇದೆ, ಹಾಡಿನ ಸಾಹಿತ್ಯ ಹಲವೆಡೆ ತೆಳು. ಅದನ್ನು ಒಪ್ಪಿಕೊಂಡರೂ ಮೊದಲ ಸಾಧನೆ ಕುಂದುವುದಿಲ್ಲ.

ಶ್ರ್ಯಾಪ್ನೆಲ್ ಶಾಲೆ

ಮೈಕ್ ವಾರ್ನಿ 1980ರಲ್ಲಿ ಸ್ಥಾಪಿಸಿದ ಶ್ರ್ಯಾಪ್ನೆಲ್ ರೆಕಾರ್ಡ್ಸ್ ಈ ಶೈಲಿಯ ಗುರುಕುಲವಾಯಿತು. 1986ರಲ್ಲಿ ಟೋನಿ ಮ್ಯಾಕಲ್ಪೈನ್, ವಿನ್ನಿ ಮೂರ್. ಅದೇ ವರ್ಷ ಪಾಲ್ ಗಿಲ್ಬರ್ಟ್ ಇದ್ದ ರೇಸರ್ ಎಕ್ಸ್. 1987ರಲ್ಲಿ ಮಾರ್ಟಿ ಫ್ರೀಡ್‌ಮನ್ ಮತ್ತು ಜೇಸನ್ ಬೆಕರ್ ಜೋಡಿಯ ಕ್ಯಾಕೊಫೊನಿ. ಇವರಲ್ಲಿ ಮ್ಯಾಕಲ್ಪೈನ್ ಪಿಯಾನೊ ಕಲಿತು ಬಂದವರು. ತಮ್ಮ ಆಲ್ಬಮ್ಮುಗಳಲ್ಲಿ ಗಿಟಾರಿನ ನಡುವೆ ಶೊಪ್ಯಾಂ ಕೃತಿಗಳನ್ನು ಪಿಯಾನೊದಲ್ಲೇ ನುಡಿಸಿದರು. ಫ್ರೀಡ್‌ಮನ್ ಮುಂದೆ ಮೆಗಾಡೆತ್ ಸೇರಿದರು. ಜಪಾನಿನಲ್ಲೇ ನೆಲೆ ನಿಂತರು.

ಜೇಸನ್ ಬೆಕರ್ ಬಗ್ಗೆ ಬಿಡಿಸಿ ಹೇಳಬೇಕು. 1988ರ ‘ಪರ್ಪೆಚುಯಲ್ ಬರ್ನ್’ ಬಂದಾಗ ಅವರಿಗೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ. 1990ರಲ್ಲಿ ಎ.ಎಲ್.ಎಸ್. ಎಂಬ ನರರೋಗ ಪತ್ತೆಯಾಗಿ, ಕ್ರಮೇಣ ಕೈಕಾಲು, ಮಾತು ಎಲ್ಲ ನಿಂತಿತು. ಅವರ ತಂದೆ ರೂಪಿಸಿದ ಕಣ್ಸನ್ನೆಯ ಅಕ್ಷರಕ್ರಮದಿಂದ ಸ್ವರ ಹೇಳುತ್ತ ಅವರು ಸಂಗೀತ ರಚನೆ ಮುಂದುವರಿಸಿದರು; 2018ರಲ್ಲಿ ‘ಟ್ರಯಂಫಂಟ್ ಹಾರ್ಟ್ಸ್’ ಬಂತು. ಈ ಶೈಲಿ ಬರೀ ಬೆರಳಿನದು ಎನ್ನುವವರು ಇದಕ್ಕೆ ಉತ್ತರ ಹೇಳಬೇಕು. ಬೆರಳೇ ನಿಂತ ಮೇಲೂ ಸಂಗೀತ ನಿಲ್ಲಲಿಲ್ಲ.

1991ರಲ್ಲಿ ನಿರ್ವಾಣ ತಂಡದ ‘ನೆವರ್‌ಮೈಂಡ್’ ಬಂದ ಮೇಲೆ ಗಾಳಿ ತಿರುಗಿತು. ದೀರ್ಘ ಗಿಟಾರ್ ವಾದನ ಅಮೆರಿಕದಲ್ಲಿ ಹಳತಾಯಿತು. ಜಪಾನ್ ಮತ್ತು ಉತ್ತರ ಯುರೋಪ್ ಇದನ್ನು ಉಳಿಸಿಕೊಂಡವು. ಸಿಂಫನಿ ಎಕ್ಸ್ ತಂಡದ ಮೈಕಲ್ ರೋಮಿಯೊ, ಫಿನ್‌ಲ್ಯಾಂಡಿನ ಸ್ಟ್ರಾಟೊವೇರಿಯಸ್ ತಂಡದ ಟಿಮೊ ಟೊಲ್ಕಿ ಆ ಕಾಲದ ಮುಖ್ಯರು. ‘ಸರ್ಕಸ್ಸು’ ಎಂಬ ಬೈಗುಳ ಅಮೆರಿಕದಲ್ಲಿ ಬಲಗೊಂಡದ್ದು ಈ ಅವಧಿಯಲ್ಲಿ. ಅಲ್ಲಿನ ಫ್ಯಾಷನ್ ಬದಲಾದದ್ದನ್ನು ನಮ್ಮವರು ಸೌಂದರ್ಯಶಾಸ್ತ್ರದ ಸಿದ್ಧಾಂತವೆಂದು ತಿಳಿದು ಇಂದಿಗೂ ಒಪ್ಪಿಸುತ್ತಿದ್ದಾರೆ.

ನಮ್ಮ ನಾಡಿನಲ್ಲಿ

ನಮ್ಮ ಪೀಳಿಗೆಗೆ ಈ ಸಂಗೀತ ಬಂದದ್ದು ಕ್ಯಾಸೆಟ್ಟಿನ ರೂಪದಲ್ಲಿ. ವಾಡಿ ಜಂಕ್ಷನ್ ಇದ್ದುದರಿಂದ ಮುಂಬೈ, ಸಿಕಂದರಾಬಾದ್, ಬೆಂಗಳೂರು ಮೂರೂ ಕಡೆಯ ಸರಕು ನಮಗೆ ಸಿಗುತ್ತಿತ್ತು. ಆದಿತ್ಯನಗರದಂಥ ಸಿಮೆಂಟ್ ಕಾರ್ಖಾನೆ ಕಾಲೊನಿಗಳಲ್ಲಿ ದೇಶದ ಎಲ್ಲ ಕಡೆಯ ಎಂಜಿನಿಯರುಗಳ ಮನೆಗಳಿದ್ದವು. ಒಬ್ಬರ ಮನೆಯ ಕ್ಯಾಸೆಟ್ ಹತ್ತು ಮನೆಯಲ್ಲಿ ನಕಲಾಗುತ್ತಿತ್ತು. ಕೈಗೆ ಸಿಗುತ್ತಿದ್ದ ವಾದ್ಯ ಗಿವ್ಸನ್ ಅಥವಾ ಹಾಬ್ನರ್. ತಂತಿ ಕತ್ತಿನಿಂದ ಎಷ್ಟು ಎತ್ತರ ಇರುತ್ತಿತ್ತೆಂದರೆ ಒತ್ತಿದ ಬೆರಳಿನ ತುದಿ ಸೀಳುತ್ತಿತ್ತು. ಅದರ ಮೇಲೆ ‘ಬ್ಲ್ಯಾಕ್ ಸ್ಟಾರ್’ ಸಾಧನೆ ಮಾಡಿದವರು ನಮ್ಮ ಭಾಗದಲ್ಲಿದ್ದರು. ಅವರಿಗೆ ಸಿಕ್ಕ ವೇದಿಕೆ ಗಣೇಶೋತ್ಸವ, ಜಾತ್ರೆಯ ರಸಮಂಜರಿ. ಸಿನಿಮಾ ಹಾಡಿನ ಎರಡು ಚರಣಗಳ ನಡುವಿನ ನಾಲ್ಕು ಆವರ್ತನದಲ್ಲಿ ಅಷ್ಟೂ ವಿದ್ಯೆಯನ್ನು ತೋರಿಸಿ, ಮತ್ತೆ ತಾಳದ ಸ್ಟ್ರಮ್ಮಿಂಗಿಗೆ ಮರಳಬೇಕಿತ್ತು. ನನ್ನ ದೃಷ್ಟಿಯಲ್ಲಿ ಈ ವಾದಕರು ಈ ಇತಿಹಾಸದ ಭಾಗ. ಅವರ ವಾದನವನ್ನು ಯಾರೂ ದಾಖಲಿಸಲಿಲ್ಲ.

ಬೆಂಗಳೂರಿನ ಕಥೆ ಇದಕ್ಕಿಂತ ಸಮೃದ್ಧ. ‘ಸಂಸ್ಕಾರ’ ಚಿತ್ರದ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ಮತ್ತು ಸ್ನೇಹಲತಾ ರೆಡ್ಡಿಯವರ ಮಗ ಕೋನಾರ್ಕ್ ರೆಡ್ಡಿ ಗಿಟಾರನ್ನೇ ಬದುಕಾಗಿಸಿಕೊಂಡವರು.   1996ರಲ್ಲಿ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್ ತಂಡದ ಬ್ರೂಸ್ ಲೀ ಮಣಿ ಗಿಟಾರ್ ಶಿಕ್ಷಣಕ್ಕೂ ಶಿಸ್ತು ತಂದರು. 1998ರಲ್ಲಿ ಹುಟ್ಟಿದ ಕ್ರಿಪ್ಟೋಸ್ ತಂಡ ಎರಡು ಗಿಟಾರುಗಳ ಜೋಡಿಸ್ವರದ ಹಳೆಯ ಹೆವಿ ಮೆಟಲ್ ಪದ್ಧತಿಯನ್ನು ಪಟ್ಟು ಹಿಡಿದು ಉಳಿಸಿಕೊಂಡು ಜರ್ಮನಿಯ ವಾಕನ್ ಉತ್ಸವದವರೆಗೆ ಹೋಯಿತು. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ನುಡಿಸಿದಾಗ ಕಲಬುರಗಿ, ವಾಡಿಯಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಹೋದ ಹುಡುಗರಿದ್ದರು.

ಆದರೆ ನನ್ನ ಮಟ್ಟಿಗೆ ಭಾರತದ ನಿಜವಾದ ನವಶಾಸ್ತ್ರೀಯ ಗಿಟಾರ್ ಎಂದರೆ ಬಾಖ್ ಬದಲು ರಾಗವನ್ನು ಬೆನ್ನೆಲುಬಾಗಿಸಿಕೊಂಡದ್ದು. ದಾರಿ ತೋರಿಸಿದವರು ಎಲೆಕ್ಟ್ರಿಕ್ ಮ್ಯಾಂಡೊಲಿನ್‌ನಲ್ಲಿ ಕರ್ನಾಟಕ ಸಂಗೀತವನ್ನು ನೆಲೆಗೊಳಿಸಿದ ಯು. ಶ್ರೀನಿವಾಸ್. ಗಿಟಾರಿನಲ್ಲಿ ಅದನ್ನು ಪೂರ್ಣ ಕಛೇರಿಯ ಮಟ್ಟಕ್ಕೆ ಒಯ್ದವರು ಪ್ರಸನ್ನ. ಹೆಂಡ್ರಿಕ್ಸ್‌ಗೆ ಗೌರವವಾಗಿ ಅವರು ‘ಎಲೆಕ್ಟ್ರಿಕ್ ಗಣೇಶ ಲ್ಯಾಂಡ್’ ಎಂಬ ಆಲ್ಬಮ್ಮನ್ನೂ ಮಾಡಿದರು. ಕೊಚ್ಚಿಯ ಬೈಜು ಧರ್ಮಜನ್ ಮದರ್‌ಜೇನ್ ತಂಡದ 2008ರ ‘ಮಕ್ತೂಬ್’ ಆಲ್ಬಮ್ಮಿನಲ್ಲಿ ರಾಕ್ ನಾದದೊಳಗೆ ಗಮಕವನ್ನು ಕೂರಿಸಿದರು. ಬೆಂಗಳೂರಿನ ಅಗಮ್ ತಂಡ 2012ರ ‘ದ ಇನ್ನರ್ ಸೆಲ್ಫ್ ಅವೇಕನ್ಸ್’ ಆಲ್ಬಮ್ಮಿನಲ್ಲಿ ಕೃತಿಯನ್ನೂ ರಾಕ್ ತಂಡವನ್ನೂ ಬೆಸೆಯಿತು. ಮಾಲ್ಮ್‌ಸ್ಟೀನ್ ಯುರೋಪಿಗೆ ಮಾಡಿದ್ದನ್ನು ಇವರು ನಮ್ಮ ಪರಂಪರೆಗೆ ಮಾಡಿದರು ಎಂದರೆ ತಪ್ಪಿಲ್ಲ.

ಉಳಿದ ಕೆಲಸ

ಕೊರತೆಗಳೂ ಇವೆ. ನವಶಾಸ್ತ್ರೀಯ ಶೈಲಿಯ ದೊಡ್ಡ ದೌರ್ಬಲ್ಯ ಲಯ. ಸ್ವರದಲ್ಲಿ ಇಷ್ಟು ಸೂಕ್ಷ್ಮವಾದ ಈ ವಾದನ ಬಹುಪಾಲು ನಾಲ್ಕರ ಎಣಿಕೆಯನ್ನು ಬಿಟ್ಟು ಕದಲುವುದಿಲ್ಲ. ತಿಹಾಯಿ, ಮುಕ್ತಾಯ, ನಡೆಭೇದ ಬಲ್ಲ ನಮ್ಮ ಹುಡುಗರು ಇಲ್ಲಿ ಹೊಸದನ್ನು ಕೊಡಬಲ್ಲರು. ಎರಡನೆಯದು ವಿಳಂಬ. ಆಲಾಪದಂಥ ನಿಧಾನ ವಿಸ್ತಾರ ಈ ಶೈಲಿಯಲ್ಲಿ ಬೆಳೆಯಲಿಲ್ಲ. ಮೂರನೆಯದು ಹೆಣ್ಣುಮಕ್ಕಳ ಪಾಲು. ಜೂಲಿಯಾರ್ಡ್‌ನಲ್ಲಿ ಪಿಟೀಲು ಕಲಿತು ಬಂದ ದ ಗ್ರೇಟ್ ಕ್ಯಾಟ್ ಅವರಂಥ ಕೆಲವರನ್ನು ಬಿಟ್ಟರೆ ಈ ಇತಿಹಾಸ ಪೂರ್ತಿ ಗಂಡಸರದೇ. ನಮ್ಮ ಊರುಗಳಲ್ಲಿ ವೀಣೆ, ಹಾರ್ಮೋನಿಯಂ ಕಲಿಯಲು ಮಗಳನ್ನು ಕಳಿಸುವ ಮನೆಯವರು ಎಲೆಕ್ಟ್ರಿಕ್ ಗಿಟಾರಿಗೆ ಹಿಂಜರಿಯುತ್ತಾರೆ.

ಎಲ್ಲಕ್ಕಿಂತ ಕಾಡುವುದು ಕಲಿಕೆಯ ಕ್ರಮ. ಇಂದಿನ ಹುಡುಗ ಮೊಬೈಲಿನಲ್ಲಿ ವಿಡಿಯೊ ನೋಡಿ ಮೊದಲ ದಿನವೇ ವೇಗಕ್ಕೆ ಕೈ ಹಾಕುತ್ತಾನೆ. ‘ಸರ್, ಸ್ವೀಪ್ ಹೇಳಿಕೊಡ್ರಿ’ ಎಂದು ಬರುವವನಿಗೆ ಎಡಗೈ ಬೆರಳನ್ನು ಸ್ವರ ನುಡಿದ ಕ್ಷಣವೇ ಸಡಿಲಿಸಬೇಕು, ಇಲ್ಲದಿದ್ದರೆ ಸ್ವರಗಳು ಕಲಸಿಹೋಗುತ್ತವೆ ಎಂಬುದನ್ನು ಮನಗಾಣಿಸಲು ತಿಂಗಳುಗಳು ಬೇಕು. ಸಿತಾರಿಗೆ, ಪಿಟೀಲಿಗೆ ಇರುವ ಪಾಠಕ್ರಮ, ಪರೀಕ್ಷೆ, ಗುರುಪರಂಪರೆ ಈ ವಾದ್ಯಕ್ಕೆ ಕನ್ನಡದಲ್ಲಿ ಇಲ್ಲ. ಪಿಟೀಲೂ ಹೊರಗಿನಿಂದ ಬಂದದ್ದೇ. ಹಾರ್ಮೋನಿಯಂ ಅನ್ನು ಆಕಾಶವಾಣಿ 1940ರಿಂದ ಮೂರು ದಶಕ ದೂರ ಇಟ್ಟಿತ್ತು. ಇವತ್ತು ಅದಿಲ್ಲದೆ ನಮ್ಮ ಹಿಂದೂಸ್ತಾನಿ ಗಾಯನ ಕಛೇರಿ ಏಳುವುದು ಅಪರೂಪ. ಗಿಟಾರ್ ಇನ್ನೂ ಹೊರಬಾಗಿಲಲ್ಲೇ ನಿಂತಿದೆ.

ಆದಿತ್ಯನಗರದ ಪಕ್ಕದಲ್ಲೇ, ಕಾಗಿಣಾ ದಂಡೆಯಲ್ಲಿ ಮಳಖೇಡವಿದೆ. ಒಂಬತ್ತನೆಯ ಶತಮಾನದಲ್ಲಿ ಅಲ್ಲಿನ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನ ‘ಕವಿರಾಜಮಾರ್ಗ’ ಹುಟ್ಟಿತು. ಕನ್ನಡದ ಆ ಉಪಲಬ್ಧ ಮೊದಲ ಕೃತಿ ಕಾವ್ಯದ ದೋಷ ಯಾವುದು, ಶಬ್ದಾಲಂಕಾರ ಹೇಗೆ, ಅರ್ಥಾಲಂಕಾರ ಹೇಗೆ ಎಂದು ಪರಿಚ್ಛೇದ ಪರಿಚ್ಛೇದವಾಗಿ ಬಿಡಿಸಿ ಹೇಳುತ್ತದೆ. ಕಸುಬನ್ನು ಕೀಳೆಂದು ತಿಳಿಯದೆ ಅದನ್ನೇ ಶಾಸ್ತ್ರವಾಗಿ ಕಟ್ಟಿದ ನೆಲ ಇದು. ಅಂಥ ನೆಲದವರು ಒಬ್ಬ ವಾದಕನ ಕೈಚಳಕವನ್ನು ಅಳೆಯದೆ, ಬಿಡಿಸಿ ನೋಡದೆ ತಳ್ಳಿಹಾಕುವುದು ನಮಗೆ ಒಪ್ಪುವ ಮಾತಲ್ಲ.

ಆದ್ದರಿಂದ ನನ್ನ ಕೋರಿಕೆ ಮೂವರಿಗೆ. ಸಂಗೀತ ವಿಮರ್ಶಕರು ಈ ವಾದನವನ್ನು ಕನ್ನಡದಲ್ಲಿ, ನಮ್ಮ ರಾಗ ಲಯಗಳ ಮಾತಿನಲ್ಲಿ ಬರೆಯಲಿ. ವಿಶ್ವವಿದ್ಯಾಲಯಗಳ ಸಂಗೀತ ವಿಭಾಗಗಳು ಗಿಟಾರಿಗೂ ಒಂದು ಪಾಠಕ್ರಮ ರೂಪಿಸಲಿ. ಗಿಟಾರ್ ಕಲಿಯುವ ಹುಡುಗ ಹುಡುಗಿಯರು ಸ್ವೀಪ್‌ಗೆ ಕೈ ಹಾಕುವ ಮೊದಲು ಕೀರವಾಣಿಯ ಆರೋಹಣ ಅವರೋಹಣವನ್ನು ವಿಳಂಬದಲ್ಲಿ, ಒಂದೊಂದು ಸ್ವರವೂ ಶುದ್ಧವಾಗಿ ಕೇಳುವಂತೆ ಸಾಧಿಸಲಿ. ಶುದ್ಧವಾದ ಕೈಗೆ ವೇಗ ತಾನಾಗಿ ಬರುತ್ತದೆ.